ಎರಡು ಗಂಟೆಯ ನಾಡಿ

ಮಾರ್ಚ್ 4, ಸೋಮವಾರ. ಸಂಜೆ 5

ಇವತ್ತೂ ಬೆಳಗಿನ ಪಾಳಿ. ಮೂವತ್ತಾರು ಹಾಸಿಗೆ, ಇಬ್ಬರು ನರ್ಸ್. ಮಧ್ಯಾಹ್ನ ಎರಡು ಗಂಟೆಗೆ ನೋಡಿ ಬರೆಯಬೇಕಾದ ಚಾರ್ಟನ್ನು ಹನ್ನೆರಡಕ್ಕೇ ಬರೆದು ಮುಗಿಸಿದೆ — ನಾಡಿ, ಬಿಪಿ, ಉಸಿರು. ಉಸಿರು ಎಲ್ಲರಿಗೂ 20. ಹದಿನಾಲ್ಕು ವರ್ಷದಲ್ಲಿ ಒಂದು ನಿಮಿಷ ಪೂರ್ತಿ ನಿಂತು ಉಸಿರು ಎಣಿಸಿದವರನ್ನು ಈ ವಾರ್ಡಿನಲ್ಲಿ ಕಂಡಿಲ್ಲ. ಎಣಿಸುತ್ತ ನಿಂತರೆ ಇಂಜೆಕ್ಷನ್ ಯಾರು ಕೊಡಬೇಕು? ಆಮೇಲೆ ಪುರುಸೊತ್ತಾದರೆ ಒಂದು ಸುತ್ತು ಹೋಗಿ ನೋಡುತ್ತೇವೆ. ಆಗುವುದು ಕಡಿಮೆ.

ಮನೆಗೆ ಬಂದಾಗ ಗಂಡ ಏನೋ ಕೇಳಿದರು. ಹೂಂ ಅಂದೆ. ಏನು ಕೇಳಿದರೋ ಗೊತ್ತಿಲ್ಲ.

ಮಾರ್ಚ್ 6, ಬುಧವಾರ

ಸಮೀಕ್ಷೆಯ ಫಾರ್ಮ್ ಬಂತು. 'ನರ್ಸ್‌ಗಳ ಯೋಗಕ್ಷೇಮ ಮತ್ತು ಕೆಲಸದ ಬದುಕಿನ ಗುಣಮಟ್ಟ.' ನಲವತ್ತು ಪ್ರಶ್ನೆ, ಒಂದರಿಂದ ಐದರವರೆಗೆ ಅಂಕ. ಇನ್‌ಚಾರ್ಜ್ ಸಿಸ್ಟರ್ — ಬೆನ್ನ ಹಿಂದೆ ನಮಗೆಲ್ಲ ಹೆಡ್‌ಮಾಸ್ಟರ್ — "ಐದು ನಿಮಿಷದಲ್ಲಿ ಕೊಡ್ರಮ್ಮ, ನಿಮ್ಮ ಯೋಗಕ್ಷೇಮಕ್ಕೆ ಅಷ್ಟು ಸಾಕು" ಅಂದರು. ನಕ್ಕೆವು. ಎಲ್ಲದಕ್ಕೂ 3 ಹಾಕಿದೆ. 'ಕೆಲಸದಿಂದ ತೃಪ್ತಿ ಸಿಗುತ್ತಿದೆಯೇ?' 3. 'ಮನೆಯವರ ಜೊತೆ ಖುಷಿಯಾಗಿರುತ್ತೀರಾ?' 3. ಎರಡು ನಿಮಿಷವೂ ಹಿಡಿಯಲಿಲ್ಲ.

ಮಾರ್ಚ್ 7, ಗುರುವಾರ

ಹದಿನೇಳನೇ ಹಾಸಿಗೆಯ ಟೈಲರ್ ತಾತ ಹೋದರು. ಎದೆಯ ತೊಂದರೆಗೆ ಸೇರಿದ್ದವರು. ಚೇತರಿಸಿಕೊಳ್ಳುತ್ತಿದ್ದರು.

ಒಂದೂಕಾಲಿಗೆ ಅವರ ಹೆಂಡತಿ ಕೆಳಗೆ ಕ್ಯಾಂಟೀನಿಗೆ ಊಟಕ್ಕೆ ಹೋದರು. ಎರಡೂಕಾಲಿಗೆ ಬಂದು, ಮುಟ್ಟಿ, ಕೂಗಿಕೊಂಡರು. ಓಡಿದೆ. ಎದೆ ಒತ್ತಿದೆವು. ಫಲವಿಲ್ಲ. "ಹೋಗಿ ಅರ್ಧ ಗಂಟೆ ಮೇಲೇ ಆಗಿದೆ" ಅಂತ ಡಾಕ್ಟರ್ ನಮಗಷ್ಟೇ ಕೇಳುವ ಹಾಗೆ ಅಂದರು. ಚಾರ್ಟಿನಲ್ಲಿ ಎರಡು ಗಂಟೆಗೆ ನಾಡಿ 82, ಉಸಿರು 20. ನನ್ನ ಅಕ್ಷರ, ನನ್ನ ಸಹಿ.

ಹೆಡ್‌ಮಾಸ್ಟರ್ ಚಾರ್ಟ್ ಮಡಚಿದರು. "ಎರಡಕ್ಕೆ ಚೆನ್ನಾಗಿದ್ರು, ಆಮೇಲೆ ಹೋದ್ರು. ಅಷ್ಟೇ. ಬಾಯಿ ಬಿಟ್ರೆ ನಿನ್ನ ಕೆಲಸಕ್ಕೇ ಕುತ್ತು." ತಾತನ ಹೆಂಡತಿಗೂ ಅದನ್ನೇ ಹೇಳಿದರು — "ಎರಡು ಗಂಟೆಗೆ ಈ ಸಿಸ್ಟರ್ ನೋಡಿದಾರಮ್ಮ, ಚೆನ್ನಾಗೇ ಇದ್ರಂತೆ."

ಆಕೆ ನನ್ನ ಕೈ ಹಿಡಿದುಕೊಂಡರು. "ಏನಾದ್ರೂ ಅಂದ್ರಾ ಮಗಳೇ?"

"ನಿಮ್ಮನ್ನ ಕೇಳಿದ್ರು ಅಮ್ಮ" ಅಂದೆ. ಬಾಯಿಗೆ ಬಂದದ್ದು. ಕೇಳಿದರೆ ಸಮಾಧಾನವಾದೀತು ಎಂಬ ಲೆಕ್ಕ. ಆಕೆ ಕೈ ಬಿಟ್ಟರು.

ಅಳು ಬರಲಿಲ್ಲ. ಹದಿನೆಂಟನೆಯವರ ಡ್ರಿಪ್ ಬದಲಿಸಿದೆ.

ಮಾರ್ಚ್ 21, ಗುರುವಾರ

ಮಗಳು ಓಟದಲ್ಲಿ ಮೊದಲು ಬಂದಿದ್ದಾಳೆ. ಮೂರು ದಿನದ ಹಿಂದೆಯೇ ಹೇಳಿದ್ದಳಂತೆ. "ಅಮ್ಮ, ನಿನಗೆ ಹೇಳೋದೂ ಗೋಡೆಗೆ ಹೇಳೋದೂ ಒಂದೇ." ಬೇಜಾರಾಗಬೇಕಿತ್ತು. ಕಾಲು ನೋಯುತ್ತಿತ್ತು, ಮಲಗಿದೆ.

ಮಾರ್ಚ್ 25, ಸೋಮವಾರ

ಟೈಲರ್ ತಾತನ ಮಗಳು ಕಾಗದಪತ್ರಕ್ಕೆ ಬಂದಿದ್ದಳು. ನನ್ನನ್ನು ಹುಡುಕಿಕೊಂಡು ವಾರ್ಡಿಗೂ ಬಂದಳು.

"ಸಿಸ್ಟರ್, ಅಮ್ಮ ಊಟಾನೇ ಬಿಟ್ಟಿದಾರೆ. ತಟ್ಟೆ ಮುಂದೆ ಕೂತ ತಕ್ಷಣ 'ಅವರು ನನ್ನ ಕೇಳ್ತಿದ್ರಂತೆ, ನಾನು ಕೆಳಗೆ ತಿಂತಾ ಕೂತಿದ್ದೆ' ಅಂತ ಎದ್ದುಬಿಡ್ತಾರೆ. ನೀವೊಂದ್ಸಲ ಮನೆಗೆ ಬಂದು ಮಾತಾಡ್ತೀರಾ? ಅಪ್ಪನ್ನ ಕೊನೆಗೆ ನೋಡಿದ್ದು ನೀವೇ ಅಲ್ವಾ."

ಬರುತ್ತೇನೆ ಅಂದೆ. ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೆದರಿಕೆ. ಎಷ್ಟೋ ತಿಂಗಳ ಮೇಲೆ ಏನೋ ಒಂದು ಅನ್ನಿಸಿತು, ಅದೂ ಹೆದರಿಕೆ.

ಮಾರ್ಚ್ 27, ಬುಧವಾರ

ಹೆಡ್‌ಮಾಸ್ಟರಿಗೆ ಹೇಳಿದೆ. "ಹೋಗಿ ಬಾ. ನಿದ್ದೆಗಣ್ಣಲ್ಲಿ ಏನೋ ಕನವರಿಸಿದ್ರು, ನನಗೇ ಸರಿಯಾಗಿ ಕೇಳಿಸ್ಲಿಲ್ಲ ಅನ್ನು. ನಿಜ ಹೇಳ್ತೀನಿ ಅಂತ ಮಾತ್ರ ಹೊರಡ್ಬೇಡ. ನೀನೊಬ್ಬಳೇ ಅಲ್ಲ ಕಣೇ, ವಾರ್ಡಿಗೆ ವಾರ್ಡೇ ಮನೆಗೆ ಹೋಗ್ಬೇಕಾಗುತ್ತೆ." ಗದರಲಿಲ್ಲ. ಟೀ ತರಿಸಿಕೊಟ್ಟರು. ಅವರ ಕಣ್ಣ ಕೆಳಗೂ ಕಪ್ಪಾಗಿದೆ, ಇವತ್ತೇ ನೋಡಿದ್ದು.

ಗಂಡನಿಗೂ ಹೇಳಿದೆ, ಎಲ್ಲ. "ಹೋಗೋದಾದ್ರೆ ನಾನೂ ಬರ್ತೀನಿ, ಹೊರಗೆ ನಿಂತಿರ್ತೀನಿ" ಅಂದರು.

ಮಾರ್ಚ್ 29, ಶುಕ್ರವಾರ. ಮಧ್ಯಾಹ್ನ 3

ವಾರದ ರಜೆ. ತಾತನ ಮನೆಗೆ ಹೋಗಿದ್ದೆ. ಗಂಡ ಹೊರಗೆ ನಿಂತಿದ್ದರು.

ಎರಡು ರೂಮಿನ ಮನೆ. ತಾತನ ಹೆಂಡತಿ ಅರ್ಧ ಆಗಿದ್ದಾರೆ. ಕೂರಿಸಿದರು, ನೀರು ಕೊಟ್ಟರು. ಹೆಡ್‌ಮಾಸ್ಟರ್ ಕಲಿಸಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. "ಅಮ್ಮ, ಅವರು ನಿಮ್ಮನ್ನ ಕೇಳ್ಲಿಲ್ಲ. ನಾನು ಎರಡು ಗಂಟೆಗೆ ಅವರನ್ನ ನೋಡ್ಲೇ ಇಲ್ಲ. ನೋಡಿದೆ ಅಂತ ಹನ್ನೆರಡಕ್ಕೇ ಬರೆದಿಟ್ಟಿದ್ದೆ. ನಿಮ್ಮದೇನೂ ತಪ್ಪಿಲ್ಲ, ತಪ್ಪೆಲ್ಲ ನನ್ನದು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಸಾಕಾಗಿತ್ತು. ಹೊಲಿಗೆ ಯಂತ್ರದ ಮೇಲೆ ಹೊದಿಸಿದ್ದ ಬಟ್ಟೆಯನ್ನು ಎಷ್ಟೋ ಹೊತ್ತು ಎಳೆದು ಸರಿಮಾಡಿದರು. ಆಮೇಲೆ ಕೇಳಿದರು —

"ಹಾಗಾದ್ರೆ ಅವರ ಹತ್ರ ಯಾರೂ ಇರ್ಲಿಲ್ವಾ?"

ಎದ್ದು ಬಂದೆ. ಉತ್ತರ ಇಲ್ಲಿಯಾದರೂ ಬರೆಯಬೇಕು. ನಾನಿದ್ದೆ. ಹನ್ನೆರಡು ಹೆಜ್ಜೆ ದೂರದಲ್ಲಿ, ಮೇಜಿನ ಮುಂದೆ. ತಲೆ ಎತ್ತಿದ್ದರೆ ಕಾಣುತ್ತಿದ್ದರು. ಮುಂದಿನ ಪಾಳಿಯವರಿಗೆ ವರದಿ ಬರೆಯುತ್ತಿದ್ದೆ — ಹದಿನೈದು, ಡ್ರೆಸಿಂಗ್ ಆಗಿದೆ. ಹದಿನಾರು, ಜ್ವರ ಇಳಿದಿದೆ. ಹದಿನೇಳು, ಆರಾಮಾಗಿ ಮಲಗಿದ್ದಾರೆ.