ಹೊಸಪೇಟೆಯಲ್ಲಿ ಜಂಬಮ್ಮ ಆಡಿದ ಆಟ

ಶ್ರೀ ಪಂಪಾಪತಿ ಪ್ರಸನ್ನ

ಕಂಪ್ಲಿ
೨೫ ಜನವರಿ ೧೯೩೯

ಚಿರಂಜೀವಿ ವಿರೂಪಾಕ್ಷಪ್ಪನಿಗೆ,

ನಿನ್ನ ತಾಯಿ ಸಂಗಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಹೆಂಡತಿ ಜಂಬಮ್ಮನೂ ಕ್ಷೇಮ. ಸೊಲ್ಲಾಪುರದಲ್ಲಿ ನೀನು ಆರೋಗ್ಯವಾಗಿದ್ದೀಯೆಂದು ನಂಬಿದ್ದೇನೆ. ದೀಪಾವಳಿಗೇ ಬರೆಯಬೇಕೆಂದಿದ್ದೆ, ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಷ್ಟು ದಿನ ಮಠದ ಕೊಟ್ರಯ್ಯಸ್ವಾಮಿಗಳ ಕೈಯಲ್ಲಿ ಬರೆಸುತ್ತಿದ್ದೆ. ಇದು ನನ್ನದೇ ಅಕ್ಷರ. ಜಂಬಮ್ಮ ಕಲಿಸಿದ್ದು. ಒತ್ತು ತಪ್ಪಿದ್ದರೆ ನಗಬೇಡ. ಅವಳು ಸಾಲೆಯಿಂದ ಬರುವುದರೊಳಗೆ ಮುಗಿಸಬೇಕು.

ಯಾವ ಸಾಲೆಯೆಂದು ನಿನಗೆ ತಿಳಿಯಲಿಕ್ಕಿಲ್ಲ. ನೀನು ಮಿಲ್ಲಿನ ಕೆಲಸಕ್ಕೆಂದು ಹೋದೆ. ಎರಡು ವರ್ಷ ಕಳೆದರೂ ಬರಲಿಲ್ಲ. ಆಮೇಲೆ ಕಾಗದವೂ ನಿಂತಿತು. ಆಗ ಹೆಣ್ಣುಮಕ್ಕಳ ಸಾಲೆಯ ಗಾಳೆಮ್ಮ ಅಕ್ಕೋರು ಮನೆಗೆ ಬಂದು, “ಜಂಬಮ್ಮನ್ನ ಸಣ್ಣ ಹುಡುಗ್ರಿಗೆ ಅ ಆ ಕಲಿಸಾಕ ಕಳಸ್ರಿ. ಮನ್ಯಾಗ ಕುಂತು ಬಾಗಿಲಾ ನೋಡಿದ್ರ ಏನ್ ಬರ್ತೈತಿ?” ಅಂದರು. ಕಳಿಸಿದೆ.

ಸಾಲೆಯ ಹಿಂದಿನ ಬಯಲಿನಲ್ಲಿ ಅಕ್ಕೋರು ಬಲೆ ಕಟ್ಟಿ ಬ್ಯಾಡ್ಮಿಂಟನ್ ಆಡಿಸುತ್ತಾರೆ. ಹಳದಿ ಉಣ್ಣೆ ಸುತ್ತಿದ ಪುಟ್ಟ ಚೆಂಡು, ತಂತಿ ಹೆಣೆದ ಬ್ಯಾಟು. ಮೊದಲ ದಿನವೇ ಜಂಬಮ್ಮ ಕೈಬಳೆಯನ್ನೆಲ್ಲ ಒಡೆದುಕೊಂಡು ಬಂದಳು. ನಾನು ಗದರಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳಿಗೆ ನಗು ಬಂತು. ತಡೆದುಕೊಳ್ಳಲಾಗದೆ ಕಂಬ ಹಿಡಿದುಕೊಂಡು ನಕ್ಕಳು. ನೀನು ಹೋದಮೇಲೆ ಈ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು. ಮರುದಿನ ಬಳೆಗಾರನನ್ನು ಕರೆದು ಹೊಸ ಬಳೆ ಇಡಿಸಿದೆ.

ಸಂಕ್ರಾಂತಿಯ ಮರುವಾರ ಹೊಸಪೇಟೆಯಲ್ಲಿ ಸುತ್ತಣ ಊರುಗಳ ಕ್ರೀಡಾಕೂಟ ನಡೆಯಿತು. ಓಟ, ಜಿಗಿತ, ಗುಂಡು ಎಸೆತ, ಹುತುತು, ಎಲ್ಲವೂ ಗಂಡಸರದು. ಈ ಸಲ ಹೆಂಗಸರಿಗೂ ಬ್ಯಾಡ್ಮಿಂಟನ್ ಇಟ್ಟಿದ್ದರು, ಇಬ್ಬಿಬ್ಬರ ಜೋಡಿಯಾಗಿ. ಅಕ್ಕೋರು ತಮ್ಮ ಜೊತೆಗೆ ಜಂಬಮ್ಮನ ಹೆಸರು ಕೊಟ್ಟರು. ನಿನ್ನ ಸೋದರಮಾವ ಪಕ್ಕೀರಪ್ಪನಿಗೆ ಸಿಟ್ಟು ಬಂತು.

“ಗಂಡ ಊರಾಗ ಇಲ್ಲದಾಕಿ ನಾಕ್ ಮಂದ್ಯಾಗ ಕುಣದ್ರ ಮನಿ ಮಾನ ಏನಾತು, ಅಕ್ಕಾ?”

“ಮಾನ ನಾ ನೋಡ್ಕೋತೀನಿ. ನೀ ಬಸ್ಸಿಗೆ ಹೊತ್ತಾತೇನು ನೋಡು” ಅಂದೆ. ಗೊಣಗುತ್ತಲೇ ನಮ್ಮ ಸಂಗಡ ಹೊರಟ.

ಕಮಲಾಪುರದ ಜೋಡಿ ಬೇಗ ಸೋತಿತು. ಕೊನೆಯ ಆಟ ಸಂಡೂರಿನ ಅಕ್ಕತಂಗಿಯರ ಮೇಲೆ. ಗಣಿಯ ಕಚೇರಿಯ ದೊಡ್ಡ ಗುಮಾಸ್ತರ ಮಕ್ಕಳಂತೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ನಮ್ಮವರು ಬರಿಗಾಲು, ಕಚ್ಚೆ ಬಿಗಿದಿದ್ದರು. ಒಂದಾಟ ಅವರು ಗೆದ್ದರು, ಒಂದು ನಾವು. ಮೂರನೆಯದರಲ್ಲಿ ಸರಿಸಮ ನಡೆಯುತ್ತಿದ್ದಾಗ ಜನರ ನಡುವಿನಿಂದ ಯಾವನೋ ಕೂಗಿದ: “ಗಂಡ ಬಿಟ್ಟಾಕಿ, ಚೆಂಡು ಬಿಡ್ತಾಳ ನೋಡ್ರೋ!”

ಮಂದಿ ನಕ್ಕರು. ಚೆಂಡು ಜಂಬಮ್ಮನ ಕಾಲ ಬಳಿಯೇ ಬಿತ್ತು. ಅವಳು ಬ್ಯಾಟು ಕೆಳಗಿಳಿಸಿ ಹಾಗೇ ನಿಂತುಬಿಟ್ಟಳು. ನಾನು ಏಳುವುದರೊಳಗೇ ಎದ್ದವನು ಪಕ್ಕೀರಪ್ಪ. ಮಂದಿಯನ್ನು ಸೀಳಿಕೊಂಡು ಹೋಗಿ ಕೂಗಿದವನ ಎದುರು ನಿಂತ.

“ಯಾರಲೇ ಅಂದಾಂವ? ನಮ್ಮ ಹುಡುಗಿ ಆಕಿ. ಆಡಾಕ ಬರ್ತೈತಿ, ಆಡ್ತಾಳ. ನಿನಗ ನೋಡಾಕ ಬರ್ತಿದ್ರ ಕುಂತು ನೋಡು, ಇಲ್ಲಂದ್ರ ಎದ್ದು ನಡಿ!”

ಅತ್ತ ಸಂಡೂರಿನ ದೊಡ್ಡ ಹುಡುಗಿ ಬಲೆಯ ಕೆಳಗೆ ನುಸುಳಿ ಬಂದು, ಚೆಂಡೆತ್ತಿ ಜಂಬಮ್ಮನ ಅಂಗೈಯಲ್ಲಿಟ್ಟು, “ಕೇಳಿಸ್ಕೋಬ್ಯಾಡ್ರಿ ಅಕ್ಕಾ. ಆಡೂಣು ಬರ್ರಿ” ಅಂದಳಂತೆ. ಅಕ್ಕೋರು ಆಮೇಲೆ ಹೇಳಿದರು.

ಅಲ್ಲಿಂದ ಮುಂದಿನ ಆಟವನ್ನು ಬರೆಯಲು ನಾನು ಕಲಿತ ಅಕ್ಷರ ಸಾಲದು. ಆ ಮೂಲೆಗೆ ಹೊಡೆದರೆ ಅಲ್ಲಿರುತ್ತಿದ್ದಳು, ಈ ಮೂಲೆಗೆ ಹೊಡೆದರೆ ಇಲ್ಲಿ. ನಕ್ಕ ಮಂದಿಯೇ ಎದ್ದು ನಿಂತು “ಮಸ್ತ್! ಮಸ್ತ್!” ಎಂದು ಕೂಗಿದರು. ಆದರೂ ಕೊನೆಗೆ ನಾವೇ ಸೋತೆವು, ಕೂದಲೆಳೆಯಷ್ಟರಲ್ಲಿ. ಸೋತವಳ ಮುಖ ಅಷ್ಟು ಬೆಳಗಿದ್ದನ್ನು ನಾನೆಲ್ಲೂ ಕಂಡಿಲ್ಲ.

ಎರಡನೆಯ ಬಹುಮಾನ ಹಿತ್ತಾಳೆಯ ತಂಬಿಗೆ. ಹೆಸರು ಕೂಗುವವರು, “ಇವರ ಯಜಮಾನರ ಹೆಸರೇನ್ರಿ?” ಎಂದು ಕೇಳಿದರು. ಜಂಬಮ್ಮ ತುಟಿ ಬಿಚ್ಚಲಿಲ್ಲ. ಗಂಡನ ಹೆಸರು ಹೇಳಲು ನಾಚಿಕೆ ಎಂದುಕೊಂಡು ಬಹುಮಾನ ಕೊಡುವ ಅಮ್ಮನವರು, “ಒಡಪಿನ ಪದದಾಗ ಸೇರಿಸಿ ಹೇಳವ್ವಾ” ಎಂದು ನಕ್ಕರು. ಅವಳು ಮಂದಿಯಲ್ಲಿ ನನ್ನನ್ನು ಹುಡುಕಿ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು:

“ಕಂಪ್ಲಿ ಸಂಗಮ್ಮನ ಮಗಳು ಜಂಬಮ್ಮ. ಅಷ್ಟ ಬರ್ಕೋರಿ.”

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹೆತ್ತದ್ದು ನಿನ್ನೊಬ್ಬನನ್ನೇ. ಹೆಣ್ಣುಮಗಳ ಬಾಯಲ್ಲಿ ನನ್ನ ಹೆಸರು ಹೀಗೆ ಕೇಳುತ್ತೇನೆಂದು ಎಣಿಸಿರಲಿಲ್ಲ.

ಈಗ ಮುಖ್ಯ ಮಾತು. ಬಳ್ಳಾರಿಗೆ, ಅಕ್ಕೋರಾಗುವ ಟ್ರೈನಿಂಗ್ ಸಾಲೆಗೆ ಅವಳನ್ನು ಕಳಿಸುತ್ತಿದ್ದೇನೆ. ಅಕ್ಕೋರು ಮಾತಾಡಿದ್ದಾರೆ. ಊರ ದೈವದ ಹಿರಿಯರ ಮುಂದೆ ನಿನ್ನಿಂದ ಅವಳಿಗೆ ಬಿಡುಗಡೆ ಮಾಡಿಸುವೆ. ನೀನು ಬರಬೇಕಾಗಿಲ್ಲ, ಒಪ್ಪಿಗೆಯೆಂದು ಎರಡು ಸಾಲು ಬರೆ, ಸಾಕು. ಅವಳಿಗೆ ಇನ್ನೊಬ್ಬನೊಡನೆ ಉಡಿಕೆಯಾಗುವ ಮನಸ್ಸು ಬಂದರೆ ನಾನೇ ನಿಂತು ಸೀರೆ ಉಡಿಸುತ್ತೇನೆ. ನಿನ್ನೆ ಕೇಳಿದೆ. “ಮೊದಲ ಓದ್ತೀನ್ರಿ ಅತ್ತಿ, ಉಳಿದದ್ದು ಆಮ್ಯಾಗ” ಅಂದಳು. ಯಾಕೆ ಹೀಗೆ ಮಾಡಿದೆಯೆಂದು ನಿನ್ನನ್ನು ಕೇಳುವುದಿಲ್ಲ. ನೀನೂ ಚಿಕ್ಕವನಿದ್ದೆ, ದೂರದ ಊರು, ಒಬ್ಬನೇ ಇದ್ದೆ. ಮಿಲ್ಲಿನ ಅರಳೆಯ ಧೂಳು ಎದೆಗೆ ಹಿಡಿಯುತ್ತದಂತೆ, ಬೆಲ್ಲ ತಿನ್ನು. ಹೊತ್ತುಹೊತ್ತಿಗೆ ಉಣ್ಣು. ಪಂಪಾಪತಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತು ನಿನ್ನ ತಾಯಿ,
ಸಂಗಮ್ಮ

ಮರೆತ ಮಾತು: ಹೊಸಪೇಟೆಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕೀರಪ್ಪ, “ಇನ್ನ ಮುಚ್ಚಿಟ್ರ ಪಾಪ ಬರ್ತೈತಿ, ಅಕ್ಕಾ” ಎಂದು ಎಲ್ಲ ಹೇಳಿದ. ದೀಪಾವಳಿಗೆ ಮುಂಚೆ ಕಂಬಳಿ ತರಲು ಸೊಲ್ಲಾಪುರಕ್ಕೆ ಬಂದಾಗ ನಿನ್ನ ಅಲ್ಲಿಯ ಸಂಸಾರ ಕಂಡನಂತೆ. ಜಂಬಮ್ಮನೂ ಕೇಳಿಸಿಕೊಂಡಳು. ನನ್ನ ಕೈ ಹಿಡಿದುಕೊಂಡಳು. ನಿನ್ನ ಜೊತೆಗಿರುವ ಆ ಹೆಣ್ಣುಮಗಳನ್ನು ನಾನು ಬೈಯುವುದಿಲ್ಲ. ಮಗುವಿಗೆ ನಿಮ್ಮಪ್ಪನ ಹೆಸರೇ ಇಟ್ಟಿದ್ದೀಯಂತೆ, ಉಜ್ಜಿನಪ್ಪ ಅಂತ. ಹಲ್ಲು ಮೂಡಿವೆಯಂತೆ. ಹೆಸರಿಟ್ಟ ದಿನ ತೊಟ್ಟಿಲು ತೂಗಿ ಜೋಗುಳ ಹಾಡಿದವರು ಯಾರು? ನಾನಿನ್ನೂ ಬದುಕಿದ್ದೆನಲ್ಲೋ, ವಿರೂಪಾಕ್ಷಿ.