ಮೂಲೆಯಿಂದ ಮೂಲೆಗೆ

ಭಾವ,

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ ಇದು. ನೀವು ಬದುಕಿದ್ದಿದ್ದರೆ ಓದಲು ಕನ್ನಡಕ ಹುಡುಕುತ್ತಿದ್ದಿರಿ.

ನಾವಿಬ್ಬರೂ ಶೆಡ್ಡಿನಲ್ಲಿ ಶುರುಮಾಡಿದ ಹಳೇ ಸ್ಪೋರ್ಟ್ಸ್ ಕಾರಿನ ನಕಲಿನ ಚಾಸಿ, ಆ ಕಬ್ಬಿಣದ ಚೌಕಟ್ಟು, ಇನ್ನೂ ಮುಗಿದಿಲ್ಲ. "ಬರೀ ಚುಕ್ಕೆ ಚುಕ್ಕೆಯಾಗಿ ವೆಲ್ಡ್ ಮಾಡಿರು. ಮೂಲೆಯಿಂದ ಮೂಲೆಗೆ ಓರೆಯಾಗಿ ಹಿಡಿದ ಎರಡೂ ಅಳತೆ ಒಂದೇ ಬಂದ್ಮೇಲೆ ಪೂರ್ತಿ ಮಾಡೋಣ" ಎಂದು ಹೇಳಿ ನೀವು ಆಸ್ಪತ್ರೆ ಸೇರಿದಿರಿ. ಚುಕ್ಕೆಗಳು ಬಿಟ್ಟುಕೊಂಡರೆ ಗತಿಯೇನು ಎಂದು ನನಗೆ ಹೆದರಿಕೆ. ಎಡಗಡೆಯನ್ನೆಲ್ಲ ಒಂದೇ ಸಮನೆ ಪೂರ್ತಿ ವೆಲ್ಡ್ ಮಾಡಿಬಿಟ್ಟೆ. ಕಾವಿಗೆ ಚೌಕಟ್ಟು ಒಂದು ಪಕ್ಕಕ್ಕೆ ಎಳೆದುಕೊಂಡು ಸೊಟ್ಟಗಾಯಿತು. ನೀವು ಆಸ್ಪತ್ರೆಯ ಮಂಚದಿಂದ ಅಳತೆ ಎಷ್ಟು ಬಂತು ಎಂದು ಕೇಳಿದಾಗ, "ಎಲ್ಲ ಸರಿಯಾಗಿದೆ ಭಾವ" ಎಂದೆ. ನೀವು ನಕ್ಕಿರಿ. ನಮ್ಮಿಬ್ಬರ ಕೊನೆಯ ಮಾತು ಅದೇ ಆಯಿತು.

ಇವತ್ತು ಬೆಳಿಗ್ಗೆ ಅಕ್ಕ ಟೇಪಿನ ಇನ್ನೊಂದು ತುದಿ ಹಿಡಿದಳು. ಎರಡು ಅಳತೆಗೂ ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ನಿಮಗೆ ಸುಳ್ಳು ಹೇಳಿದ್ದನ್ನು ಅವಳ ಮುಂದೆ ಒಪ್ಪಿಕೊಂಡೆ.

"ಅವರಿಗೆ ಗೊತ್ತಿತ್ತು ಕಣೋ" ಎಂದಳು. "ನೀನು ಆಚೆ ಹೋದ್ಮೇಲೆ ಅಂದ್ರು, 'ನಿನ್ನ ತಮ್ಮ ಜ್ವರ ಬಂದ್ರೂ ಎಷ್ಟು ಡಿಗ್ರಿ ಅಂತ ಪಾಯಿಂಟ್ ಸಮೇತ ಹೇಳೋನು, ಇವತ್ತು ಒಂದು ಅಂಕಿನೂ ಬಾಯಿಗೆ ಬರ್ಲಿಲ್ಲ. ಎಲ್ಲೋ ಸೊಟ್ಟ ಮಾಡಿದಾನೆ ಪುಕ್ಕಲ' ಅಂತ."

"ಮತ್ತೆ ಬೈಲಿಲ್ಲ ಯಾಕೆ?"

"ಬೈದ್ರೆ ನೀನು ಊಟ ಬಿಡ್ತೀಯ ಅಂತ. 'ಕತ್ತರಿಸಿ ಸರಿ ಮಾಡೋಕೆ ಬರುತ್ತೆ ಅವನಿಗೆ' ಅಂದ್ರು."

ಮಧ್ಯಾಹ್ನದೊಳಗೆ ಎಡಗಡೆಯನ್ನೆಲ್ಲ ಕತ್ತರಿಸಿದೆ ಭಾವ. ಹೊಸದಾಗಿ ಚುಕ್ಕೆ ಮಾತ್ರ ಇಟ್ಟು ಮೂರು ಸಲ ಅಳೆದೆ. ಇನ್ನೂ ಒಂದೂವರೆ ಮಿಲಿಮೀಟರ್ ವ್ಯತ್ಯಾಸ ಇದೆ. ಪೂರ್ತಿ ವೆಲ್ಡ್ ಮಾಡಿಲ್ಲ.