ಶಂಟಿಂಗ್ ನೆಕ್

ಫೆ. 23, ಭಾನುವಾರ. ಕಮಲಾಪುರ.

ಮತ್ತೆ ತಪ್ಪು. ಛೀ. ನನ್ನ ಮಾದರಿ ರೈಲಿಗೆ ಎಂಜಿನ್ ಒಂದು, ಡಬ್ಬಿ ಮೂರು. ಇಷ್ಟು ನಿಲ್ಲಬೇಕು ನೆಕ್‌ನಲ್ಲಿ. ಕೊನೆಯ ಡಬ್ಬಿ ಹಳಿ ಕವಲೊಡೆಯುವ ಪಾಯಿಂಟ್ ಮೇಲೆಯೇ ಕೂತುಬಿಡುತ್ತದೆ. ಡಬ್ಬಿಗಳ ಉದ್ದ ಕೂಡಿಸಿದೆ, ಎಂಜಿನ್ ಉದ್ದ ಬಿಟ್ಟೆ. ಪಾಲಿಟೆಕ್ನಿಕ್‌ನಲ್ಲಿ ಡ್ರಾಯಿಂಗ್ ಕಲಿಸುವ ಮೇಡಂ ನಾನು. ಸುಜಾತಾಗೆ ಫೋನ್ ಮಾಡಿ ಹೇಳಿದೆ. ನಕ್ಕಳು.

ಅವಳು ನಿಜವಾದ ಗೂಡ್ಸ್ ಓಡಿಸುವವಳು. ವಾಡಿ ಕಡೆ, ಅಸಿಸ್ಟೆಂಟ್ ಲೋಕೋ ಪೈಲಟ್. ಪಿಯುಸಿಯಿಂದ ಗೆಳತಿ. ನೆಕ್ ಅನ್ನುವ ಮಾತೂ ಅವಳದೇ — ಶಂಟಿಂಗ್ ನೆಕ್. ಮುಂದೆ ಎಲ್ಲಿಗೂ ಹೋಗದ ಮೊಂಡು ಹಳಿ. ಎಂಜಿನ್ ಡಬ್ಬಿಗಳನ್ನು ಅದರೊಳಕ್ಕೆ ಎಳೆದುಕೊಂಡು ನಿಲ್ಲುತ್ತದೆ, ಪಾಯಿಂಟ್ ಬದಲಾಗುತ್ತದೆ, ಆಮೇಲೆ ಬೇಕಾದ ಹಳಿಗೆ ತಳ್ಳುತ್ತದೆ. “ಹಿಂದ ಸರಿಯಾಕ ಜಾಗ ಇಲ್ಲಂದ್ರ ಅದ್ಯಾವ ಯಾರ್ಡ್ ಲೇ?” ಅಂದಳು.

ಕಲಬುರಗಿಯ ಜಗತ್ ಹತ್ತಿರದ ನನ್ನ ಬಾಡಿಗೆ ಮನೆಯಲ್ಲಿ ಏಳಡಿ ಹಲಗೆ ಹಿಡಿಸುವುದಿಲ್ಲ. ಅದಕ್ಕೇ ಭಾನುವಾರ ಬಸ್ಸು ಹತ್ತಿ ಇಲ್ಲಿಗೆ. ತವರು — ಗೋಪಾಲಣ್ಣನ ಮನೆ, ಮಹಡಿ ಕೋಣೆ. ಬಡಿಗೇರ ಪೀರಪ್ಪ ಕೋಣೆಯಲ್ಲೇ ಕೂತು ಹಲಗೆ ಜೋಡಿಸಿ ಕೊಟ್ಟಿದ್ದಾನೆ. ಅದರ ಮೇಲೆ ಬೇಳೆ ಮಿಲ್ಲು, ಗೊಬ್ಬರದ ಗೋದಾಮು, ಸಿಮೆಂಟ್ ಪ್ಲಾಟ್‌ಫಾರಂ. ಕೆಂಪು ಬಾಳೆಹಣ್ಣಿನ ಶೆಡ್ಡೂ ಇಟ್ಟಿದ್ದೆ, ಊರಿನ ಅಭಿಮಾನಕ್ಕೆ. ಸುಜಾತಾ ತೆಗೆಸಿದಳು. ಬಾಳೆಹಣ್ಣು ಲಾರಿಯಲ್ಲಿ ಹೋಗುತ್ತದಂತೆ.

ಫೆ. 26, ಶಿವರಾತ್ರಿ ರಜೆ.

ಅಣ್ಣ ಮೇಲೆ ಬಂದ. ಪೌರೋಹಿತ್ಯ ಮಾಡುವವ. ಎಲ್ಲದರ ಮೇಲೂ ಒಂದು ಅಭಿಪ್ರಾಯ. ರೈಲು ಗುಂಡಗೆ ತಿರುಗಬೇಕಂತೆ, ಬಣ್ಣದ ಲೈಟು ಬೇಕಂತೆ, ಮನೆಗೆ ಬಂದವರಿಗೆ ತೋರಿಸಲಿಕ್ಕೆ. ಒಂದೊಂದೇ ಡಬ್ಬಿ ಬಿಡಿಸಿ ಗೋದಾಮಿಗೆ ಹಚ್ಚುವುದನ್ನು ಯಾರು ನೋಡುತ್ತಾರೆ ಅಂದ. ಜಾಗ ಅವನದು, ನೋಡೋಣ ಅಂದೆ.

ಗೋದಾಮಿನ ಎರಡನೇ ಹಳಿ ಕಿತ್ತೆ. ನೆಕ್ ಉದ್ದವಾಯಿತು. ಈಗ ನಾಲ್ಕೂ ನಿಲ್ಲುತ್ತವೆ.

ಮಾ. 2, ಭಾನುವಾರ.

ಸುಜಾತಾಗೆ ರಜೆ ಸಿಕ್ಕಿತು. ಮೊದಲ ಸಲ ಪೂರ್ತಿ ಶಂಟಿಂಗ್! ಡಬ್ಬಿಗೊಂದು ಚೀಟಿ — ಇದು ಮಿಲ್ಲಿಗೆ, ಇದು ಗೋದಾಮಿಗೆ. ಚೀಟಿ ಎತ್ತುವುದು, ಅದರಂತೆ ಸೇರಿಸುವುದು. ದಿನಾ ಓಡಿಸುವವಳು, ಇವತ್ತು ಓಡಿಸುವುದಿಲ್ಲ ಅಂದಳು. ಕಂಟ್ರೋಲರ್ ನನ್ನ ಕೈಗೆ. ತಾನು ಹಲಗೆಯ ಮೇಲೆ ಬಾಗಿ, ಅಗರಬತ್ತಿ ಕಡ್ಡಿಯಿಂದ ಕೊಂಡಿ ಬಿಡಿಸುತ್ತ, ಯಾರ್ಡಿನಲ್ಲಿ ಕೂಗುವ ಹಾಗೇ — “ಆನೇ ದೋ, ಆನೇ ದೋ… ಬಸ್.” ಆನೇ ದೋ ಅಂದರೆ ಬರಲಿ ಬಿಡು, ಬಸ್ ಅಂದಲ್ಲಿಗೆ ನಿಲ್ಲಿಸಬೇಕು. ಎರಡು ಸಲ ಡಿಕ್ಕಿ ಹೊಡೆಸಿದೆ. ಎಷ್ಟು ದಿನವಾಗಿತ್ತು ಹೀಗೆ ನಕ್ಕು.

ಇಷ್ಟಕ್ಕೇ ನಿಲ್ಲಿಸಿದರೆ ಸುಳ್ಳಾಗುತ್ತದೆ. ಅವಳನ್ನು ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ಹತ್ತಿಸಿದೆ. ಒಳಗೆ ಟೈಲ್ಸ್ ಒದ್ದೆ ಇವೆ ಅಂದೆ. ಒದ್ದೆ ಇರಲಿಲ್ಲ. ಅವಳ ಮನೆಯವರು ಬೌದ್ಧರು. ಅಣ್ಣನ ಬಾಯಲ್ಲಿ ಅವರಿಗೆ ಬೇರೆ ಹೆಸರಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣನ ಹೆಂಡತಿ ಸರಸ್ವತಿ ವೈನಿ ಚಹಾ ಕಳಿಸಿದರು. ನನಗೆ ಸ್ಟೀಲ್ ಲೋಟ, ಅವಳಿಗೆ ಪೇಪರ್ ಕಪ್. ಸುಜಾತಾ ಕಪ್ ನೋಡಿದಳು, ಕುಡಿದಳು, ಮಡಚಿ ತನ್ನ ಬ್ಯಾಗಿನಲ್ಲೇ ಹಾಕಿಕೊಂಡಳು. ನನ್ನ ಮೇಲೆ ನನಗೇ ಹೇಸಿಗೆ.

ಮಾ. 9, ಭಾನುವಾರ.

ಬಾಗಿಲು ತೆಗೆದ ಕೂಡಲೇ ವಾಸನೆ.

ಹಲಗೆಯ ಒಂದು ತುದಿ ಉಬ್ಬಿದೆ. ನೆಕ್ ಸೊಟ್ಟ. ಪಾಯಿಂಟ್ ಎರಡೂ ಅಲುಗುವುದಿಲ್ಲ, ಸಂದಿಯಲ್ಲಿ ಹುಲ್ಲಿನ ಎಳೆ. ಮಿಲ್ಲಿನ ತಗಡಿನ ಮೇಲೆ ಒಣಗಿದ ಹಸಿರು ಕಲೆ. ಸಗಣಿ. ಅಣ್ಣ ಬಕೆಟ್ಟಿನಲ್ಲಿ ಸಗಣಿ ಕದಡಿ ಕೋಣೆಯೆಲ್ಲ ತೊಳೆಸಿದ್ದಾನೆ. ಹಲಗೆಯನ್ನೂ ಬಿಟ್ಟಿಲ್ಲ.

ಕೆಳಗೆ ಹೋಗಿ ಕೇಳಿದೆ. ಊಟಕ್ಕೆ ಕೂತಿದ್ದ. ದನಿ ಏರಿಸಲಿಲ್ಲ. “ಅಕಿ ಮುಟ್ಟ್ಯಾಳಲ್ಲ ಮಂಜು. ಶುದ್ಧಿ ಮಾಡಿಸ್ಬೇಕಾಗ್ತದ. ಅಕಿ ಬರೋದು ಬ್ಯಾಡ ಅಂತ ನಾ ಎಂದಾದ್ರೂ ಅಂದೀನೇನು?” ಅಂದು ಸಾರು ಬಡಿಸಿಕೊಂಡ.

ಮತ್ತೆ ಮೇಲೆ ಹೋದೆ. ಪಾಯಿಂಟ್ ಎರಡೂ ಕಿತ್ತು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಕಲಬುರಗಿವರೆಗೂ ಬ್ಯಾಗಿನಿಂದ ಅದೇ ವಾಸನೆ.

ಮಾ. 13, ಗುರುವಾರ. ಕಲಬುರಗಿ.

ಸುಜಾತಾ ಡ್ಯೂಟಿ ಮುಗಿಸಿ ಮನೆಗೆ ಬಂದಳು. ಪಾಯಿಂಟ್ ಯಾಕೆ ಕಿತ್ತೆ ಅಂತ ಕೇಳಿದಳು. ಮಳೆಗೆ ಛತ್ತು ಸೋರಿತು ಅಂದೆ. ಥೂ… ಅವನನ್ನು ಉಳಿಸಲಿಕ್ಕೆ ನನ್ನ ಬಾಯಲ್ಲಿ ಸುಳ್ಳು ತಾನಾಗಿ ಬರುತ್ತದೆ.

ಅವಳು ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು. “ಮಳಿ ನೀರಿಗಿ ಸಗಣಿ ವಾಸ್ನಿ ಇರ್ತದೇನ ಮಂಜು?”

ಎಲ್ಲ ಹೇಳಿದೆ. ಟೈಲ್ಸ್ ಒದ್ದೆ ಇರಲಿಲ್ಲ ಅನ್ನುವುದನ್ನೂ. ಅದು ತನಗೆ ಅವತ್ತೇ ಗೊತ್ತಿತ್ತು ಅಂದಳು. ಹಳೇ ಟೂತ್‌ಬ್ರಶ್ ಕೇಳಿ ಇಸಿದುಕೊಂಡು ಪಾಯಿಂಟ್ ತಿಕ್ಕುತ್ತ ಕೂತಳು. ನಾನು ಅಳುತ್ತಿದ್ದೆ, ಅವಳು ಸಮಾಧಾನ ಮಾಡಲಿಲ್ಲ. ಯಾಕೆ ಮಾಡಬೇಕು? ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: “ಹಲಗಿ ತಾಜಸುಲ್ತಾನಪುರಕ್ಕ ಒಯ್ಯೋಣು. ನಮ್ಮನ್ಯಾಗ ಜಾಗ ಅದ. ಹೊರಾಕ ನಾನೂ ಬರ್ತೀನಿ. ಆದ್ರ ಮುಂದಿನ ಬಾಗ್ಲಿಂದ ಬರ್ತೀನಿ.”

ಮಾ. 16, ಭಾನುವಾರ. ಕಮಲಾಪುರ.

ಟೇಪು ಹಿಡಿದು ಅಳೆದೆ. ಹಿಂದಿನ ಕಬ್ಬಿಣದ ಮೆಟ್ಟಿಲು ಸುತ್ತು ಮೆಟ್ಟಿಲು, ಏಳಡಿ ಹಲಗೆ ತಿರುಗುವುದಿಲ್ಲ. ಒಳಗಿನ ಮೆಟ್ಟಿಲಿಗೇ ಬರಬೇಕು. ಅದು ಇಳಿಯುವುದು ನಡುಮನೆಯ ಓಣಿಯಂಥ ಜಾಗಕ್ಕೆ, ಅಲ್ಲಿಂದ ಬಲಕ್ಕೆ ತಿರುಗಿದರೆ ಮುಂದಿನ ಬಾಗಿಲು. ತಿರುಗಿಸಲು ಜಾಗ ಸಾಲದು. ಎದುರಿಗೆ ಇರುವುದು ದೇವರ ಕೋಣೆ. ಹಲಗೆಯ ತುದಿ ಅದರೊಳಕ್ಕೆ ಹೋಗಬೇಕು, ನಿಲ್ಲಬೇಕು, ಆಮೇಲೆ ತಿರುಗಬೇಕು. ಇಡೀ ಮನೆಗೆ ಅದೊಂದೇ ನೆಕ್.

ಈ ಸಲ ಎಂಜಿನ್ ಉದ್ದ ಬಿಡಲಿಲ್ಲ. ಹಲಗೆ ಹಿಡಿದವರೂ ಒಳಗೆ ನಿಲ್ಲಬೇಕು.

ಅಣ್ಣನಿಗೆ ಹೇಳಿದೆ. ಅರ್ಧಕ್ಕೆ ಕೊಯ್ದು ಹಿಂದಿನ ಮೆಟ್ಟಿಲಿಗೆ ಒಯ್ಯಿ ಅಂದ. ಹಳಿಯೆಲ್ಲ ತುಂಡಾಗುತ್ತದೆ ಅಂದೆ. ಆಟಿಕೆಗೆ ಇಷ್ಟು ಯಾಕೆ ಅಂತ ಕೇಳಿದ. ಆಟಿಕೆಗೆ ಶುದ್ಧಿ ಯಾಕೆ ಬೇಕಾಗಿತ್ತು, ಕೇಳಬೇಕಿತ್ತು. ಮೆಟ್ಟಿಲು ಇಳಿದ ಮೇಲೆ ಹೊಳೆಯಿತು.

ಮಾ. 23, ಭಾನುವಾರ.

ಗೂಡ್ಸ್ ಆಟೋದ ಹಿಂದೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಸುಜಾತಾ ಮುಂದಿನ ಬಾಗಿಲಿಗೇ ಬಂದಳು. ಚಪ್ಪಲಿ ಬಿಟ್ಟಳು, ವೈನಿಗೆ ನಮಸ್ಕಾರ ಅಂದಳು, ಮೆಟ್ಟಿಲು ಹತ್ತಿದಳು. ಅಣ್ಣ ಜೋಕಾಲಿಯ ಮೇಲೆ ಕೂತವ ಕಾಲು ಮೇಲೆತ್ತಿಕೊಂಡ. ನೆಲಕ್ಕೇ ಮೈಲಿಗೆ ಹತ್ತಿದ ಹಾಗೆ. ಏನು ಮನುಷ್ಯನೋ!

ಇಳಿಯುವಾಗ ಕೆಳಗಿನ ತುದಿ ಅವಳು ಹಿಡಿದಳು, ಮೇಲಿನದು ನಾನು. ಅವಳು ಹಿಂದೆ ಹಿಂದೆ ಸರಿಯುತ್ತ ಇಳಿಯಬೇಕು. ಅರ್ಧ ಇಳಿದಾಗ ಅಣ್ಣನಿಗೆ ಲೆಕ್ಕ ಹೊಳೆದಿರಬೇಕು: ಕೆಳಗಿನ ತುದಿ ಹಿಡಿದವಳೇ ದೇವರ ಕೋಣೆಯೊಳಕ್ಕೆ ಹೋಗಬೇಕು. ಜೋಕಾಲಿಯಿಂದ ಎದ್ದ.

“ಮಂಜು, ತುದಿ ಬದಲ್ ಮಾಡ್ಕೋರಿ. ಕೆಳಗ ನೀ ಹಿಡಿ. ನೀ ಒಳಗ ಹೋದ್ರ ಏನೂ ಇಲ್ಲ.”

ಇಷ್ಟೇ ಕೇಳಿದ್ದು ಅವನು. ಹಲಗೆ ಇಳಿಸಿ, ಮಗ್ಗುಲಾಗಿ ದಾಟಿ, ಕೆಳಗಿನ ತುದಿ ನಾನು ಹಿಡಿದರೆ ಮುಗಿಯಿತು. ಜಗಳವಿಲ್ಲ. ತವರು ಉಳಿಯುತ್ತದೆ. ಟೈಲ್ಸ್ ಒದ್ದೆ ಇವೆ ಅಂದಷ್ಟೇ ಸಲೀಸು.

ಸುಜಾತಾ ಕೊನೆಯ ಮೆಟ್ಟಿಲು ಇಳಿದಳು, ಓಣಿ ದಾಟಿದಳು. ಹಿಮ್ಮಡಿ ದೇವರ ಕೋಣೆಯ ಹೊಸ್ತಿಲಿಗೆ ತಾಗಿತು. ನಿಂತಳು. ಕತ್ತೆತ್ತಿ ನನ್ನನ್ನೇ ನೋಡಿದಳು. ವೈನಿ ಒಳಗೆ ಹೋಗಿ ನಂದಾದೀಪ ಪಕ್ಕಕ್ಕೆ ಸರಿಸಿದರು. ಅಣ್ಣ ಮತ್ತೆ ನನ್ನ ಹೆಸರು ಹಿಡಿದು ಕರೆದ.

“ಆನೇ ದೋ” ಅಂದೆ. ದನಿ ದೊಡ್ಡದಾಗಿಯೇ ಬಂತು. “ಆನೇ ದೋ, ಆನೇ ದೋ —” ಸುಜಾತಾ ಹೊಸ್ತಿಲು ದಾಟಿ ಒಳಗೆ ಹೆಜ್ಜೆ ಇಟ್ಟಳು.